ಯಾರೂ ಕಬಳಿಸದ ಮೈದಾನ: ಮೈಸೂರಿನ ಒಂದು ಬಡಾವಣೆಯ ಪ್ರಕರಣ

ಮೈದಾನ ಹೋಯಿತು ಅಂದ ಕೂಡಲೇ ನಮ್ಮ ತಲೆಗೆ ಬರುವುದು ಒತ್ತುವರಿ. ಯಾರೋ ಬೇಲಿ ಹಾಕಿದರು, ರಾತ್ರೋರಾತ್ರಿ ಶೆಡ್ ಎದ್ದಿತು, ದಾಖಲೆ ತಿದ್ದಿಸಿದರು ಅಂತ. ನಮ್ಮ ಬಡಾವಣೆಯಲ್ಲಿ ಹಾಗೇನೂ ನಡೆಯಲಿಲ್ಲ. ಒಂದಡಿ ಜಾಗವೂ ಯಾರ ಮನೆಗೂ ಸೇರಿಲ್ಲ. ಗಡಿ ಕಲ್ಲುಗಳು ಇದ್ದಲ್ಲೇ ಇವೆ. ಆದರೂ ಮಕ್ಕಳಿಗೆ ಅಲ್ಲಿ ಆಡಲು ಜಾಗವೇ ಇಲ್ಲದಂತಾಯಿತು. ಅದಕ್ಕೆ ಕಾರಣರಾದವರೆಲ್ಲ ಒಳ್ಳೆಯದನ್ನೇ ಕೇಳಿದವರು, ಕೇಳಿದ್ದೆಲ್ಲ ಒಂದೊಂದಾಗಿ ಬಂತು. ಆ ಕಥೆಯನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಏಕೆಂದರೆ ಮೈಸೂರಿನ ಬೇರೆ ಬಡಾವಣೆಗಳಲ್ಲೂ ಇದೇ ನಡೆಯುತ್ತಿರುವುದನ್ನು ನೋಡುತ್ತಿದ್ದೇನೆ.

ಜಾಗ ಇರುವುದು ಊರಿನ ದಕ್ಷಿಣಕ್ಕೆ, ಕುವೆಂಪುನಗರಕ್ಕೆ ಹತ್ತಿರ. ಬಡಾವಣೆಯ ಹೆಸರು ಹೇಳುವುದಿಲ್ಲ. ಇದರಲ್ಲಿ ಬರುವವರೆಲ್ಲ ಹಾಲಿನ ಬೂತಿನ ಹತ್ತಿರ ದಿನಾ ಎದುರಾಗುವ ಜನ.

ಮೊದಲು ಹೇಗಿತ್ತು

ಇನ್ನೂರಡಿ ಉದ್ದ, ಇನ್ನೂರಡಿ ಅಗಲ. ಎಕರೆಗೆ ಸ್ವಲ್ಪ ಕಡಿಮೆ. ಮೂರು ಕಡೆ ಮನೆಗಳು, ದಕ್ಷಿಣಕ್ಕೆ ರಸ್ತೆ. ರಸ್ತೆಯಾಚೆ ಕೊಪ್ಪಲು. ನಮ್ಮ ಬಡಾವಣೆ ಆಗುವುದಕ್ಕಿಂತ ಎಷ್ಟೋ ಮೊದಲಿನಿಂದ ಇದ್ದ ಊರು ಅದು. ಈಗ ನಗರದೊಳಗೆ ಸೇರಿಹೋಗಿದೆ.

ಮೈಸೂರಿನಲ್ಲಿ ಬಡಾವಣೆ ಮಾಡುವಾಗ ನಡುವೆ ಬಯಲು ಬಿಡುವುದು ಹಳೆಯ ಪದ್ಧತಿ. ಪ್ಲೇಗ್ ಬಂದು ಊರು ನಡುಗಿದ ಮೇಲೆ, 1903ರಲ್ಲಿ ಇಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ಶುರುವಾಯಿತು. ಇಕ್ಕಟ್ಟಾದ ಕೇರಿಗಳ ಜನರಿಗೆ ಗಾಳಿ ಬೆಳಕು ಸಿಗಲಿ ಅಂತ ಅಗಲ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸಲು ಕನ್ಸರ್ವೆನ್ಸಿ ಓಣಿ, ಅಲ್ಲಲ್ಲಿ ಉದ್ಯಾನ. 1988ರಲ್ಲಿ ಆ ಬೋರ್ಡಿನ ಜಾಗಕ್ಕೆ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಬಂತು. ನಮ್ಮಪ್ಪನಿಗೆ ಮೂವತ್ತು–ನಲವತ್ತರ ಸೈಟು ಸಿಕ್ಕಿದ್ದು ಸುಮಾರು ಅದೇ ಕಾಲದಲ್ಲಿ. ಮನೆ ಕಟ್ಟಿ ಬಂದಾಗ ಎದುರಿಗೆ ಈ ಬಯಲಿತ್ತು.

ಬಯಲು ಅಂದರೆ ಬಯಲೇ. ಪಶ್ಚಿಮದ ಅಂಚಿಗೆ ನಾಲ್ಕು ಹೊಂಗೆ ಮರ. ಈಶಾನ್ಯದ ಮೂಲೆಯಲ್ಲಿ ಒಂದು ಕೈಪಂಪು. ಉಳಿದದ್ದು ಕೆಂಪು ಮಣ್ಣು, ಅಲ್ಲಲ್ಲಿ ಗರಿಕೆ. ಬೆಳಗ್ಗೆ ಕೊಪ್ಪಲಿನ ದನ ಹಾದು ಹೋಗುತ್ತಿದ್ದವು. ಭಾದ್ರಪದದಲ್ಲಿ ಗಣಪತಿ ಪೆಂಡಾಲು, ನವೆಂಬರಿನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ, ನಡುವೆ ಯಾರದೋ ಮನೆಯ ಮದುವೆ ಶಾಮಿಯಾನ. ಅದು ಎದ್ದುಹೋದ ಮರುದಿನ ಗೂಟದ ಗುಂಡಿಗಳನ್ನೆಲ್ಲ ಹುಡುಗರು ಗೋಲಿ ಆಡಲು ಬಳಸುತ್ತಿದ್ದರು.

ಯಾವ ಆಟ ಯಾವಾಗ ಅಂತ ಯಾರೂ ಹೇಳುತ್ತಿರಲಿಲ್ಲ. ಒಂದು ದಿನ ಯಾರೋ ಬುಗುರಿ ತಂದರೆ ವಾರದೊಳಗೆ ಎಲ್ಲರ ಕೈಯಲ್ಲೂ ಬುಗುರಿ. ಆಷಾಢದ ಗಾಳಿ ಬಂದರೆ ಗಾಳಿಪಟ. ಚಿನ್ನಿದಾಂಡು, ಕಬಡ್ಡಿ, ಕಳ್ಳ ಪೊಲೀಸ್. ಲಗೋರಿಯ ಏಳು ಕಲ್ಲುಗಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಯಾವುದೋ ಮನೆಯ ಅಡುಗೆಮನೆ ಕಟ್ಟೆಗೆ ಹಾಕಿ ಮಿಕ್ಕಿದ ಕಡಪ ಕಲ್ಲಿನ ಚೂರುಗಳು. ಅಂಚು ಉಜ್ಜಿ ಉಜ್ಜಿ ನುಣ್ಣಗಾಗಿದ್ದವು. ಎಲ್ಲಕ್ಕಿಂತ ದೊಡ್ಡದರ ಮೇಲೆ ಬಿಳಿ ಗೆರೆಯೊಂದಿತ್ತು. ಆಟ ಮುಗಿದ ಮೇಲೆ ಅವನ್ನು ಎರಡನೇ ಹೊಂಗೆ ಮರದ ಬೇರಿನ ಸಂದಿಯಲ್ಲಿ ಇಟ್ಟು ಮೇಲೆ ಎಲೆ ಮುಚ್ಚುತ್ತಿದ್ದೆವು. ಆ ಜಾಗ ಎಲ್ಲರಿಗೂ ಗೊತ್ತಿತ್ತು, ಕೊಪ್ಪಲಿನ ಮಕ್ಕಳಿಗೂ. ಯಾರೂ ಮನೆಗೆ ಒಯ್ಯುತ್ತಿರಲಿಲ್ಲ.

ಕ್ರಿಕೆಟ್ಟಿಗೆ ನಡುಮಧ್ಯೆ ಒಂದು ಪಿಚ್ ತಾನಾಗಿಯೇ ಆಗಿತ್ತು. ಬ್ಯಾಟು ಹಿಡಿದು ನಿಲ್ಲುವ ಜಾಗ ತುಳಿದು ತುಳಿದು ಸಿಮೆಂಟಿನಷ್ಟು ಗಟ್ಟಿ. ಅಲ್ಲಿ ಗರಿಕೆಯೂ ಹುಟ್ಟುತ್ತಿರಲಿಲ್ಲ. ಆಗ ನಮ್ಮ ಊರಿನ ಜಾವಗಲ್ ಶ್ರೀನಾಥ್ ಭಾರತಕ್ಕೆ ಆಡುತ್ತಿದ್ದ ಕಾಲ. ಚೆಂಡು ಕೈಗೆ ಬಂದವರೆಲ್ಲ ಹೊಂಗೆ ಮರದ ಬುಡದಿಂದಲೇ ಓಡಿ ಬರುತ್ತಿದ್ದರು. ಚಿಕ್ಕವರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಆದರೆ ಅವರನ್ನು ಹೊರಗೆ ಹಾಕುತ್ತಿರಲಿಲ್ಲ. ಉತ್ತರದ ಕಾಂಪೌಂಡಿನೊಳಗೆ ಚೆಂಡು ಬಿದ್ದರೆ ಔಟ್. ಹೊಡೆದವರೇ ಹೋಗಿ ಆ ಮನೆಯ ಅಜ್ಜಿಯ ಹತ್ತಿರ ಬೈಸಿಕೊಂಡು ತರಬೇಕು. ಆ ಅಜ್ಜಿ ಬೈದು, ಚೆಂಡಿನ ಜೊತೆ ಕೋಡುಬಳೆ ಕೊಟ್ಟಿದ್ದೂ ಇದೆ.

ಇಷ್ಟು ಹೇಳಿ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆ ಬಯಲು ಎಲ್ಲರದ್ದೂ ಆಗಿರಲಿಲ್ಲ. ನನಗೆ ಹನ್ನೆರಡು ದಾಟಿದ ಮೇಲೆ ಅಮ್ಮ “ಇನ್ನು ಸಾಕು ಕಣೇ, ಒಳಗೆ ಬಾ” ಅಂದರು. ನನ್ನ ವಾರಿಗೆಯ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಹಾಗೇ ಒಳಗೆ ಹೋದರು. ನನ್ನ ತಮ್ಮ ಕಾಲೇಜು ಮುಗಿಸುವವರೆಗೂ ಆಡಿದ. ನಾನು ಕಿಟಕಿಯಿಂದ ನೋಡಿದೆ. ಸಂಜೆ ಏಳಾದ ಮೇಲೆ ಆ ಕತ್ತಲಲ್ಲಿ ಕುಡಿಯುವವರು ಕೂರುತ್ತಿದ್ದರು. ಮದುವೆಯಾಗಿ ನಮ್ಮ ಬೀದಿಗೆ ಬಂದ ಹೆಂಗಸರು ಮೈದಾನ ದಾಟಿ ಹೋಗುವ ಬದಲು ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಒಂದೊಂದಾಗಿ ಬಂದದ್ದು

ಮೊದಲು ಬಂದದ್ದು ಗ್ರಿಲ್. ಕಾರಣ ಸರಿಯಾಗಿಯೇ ಇತ್ತು. ಕಟ್ಟಡದ ಮಣ್ಣು, ಕಸ ತಂದು ಸುರಿಯುತ್ತಿದ್ದರು. ಲಾರಿ ನಿಲ್ಲಿಸುತ್ತಿದ್ದರು. ಸುತ್ತ ಗ್ರಿಲ್ ಹಾಕಿ ಎರಡು ಗೇಟ್ ಇಟ್ಟರು. ಕಸ ನಿಂತಿತು. ಆಟ ನಿಲ್ಲಲಿಲ್ಲ.

2010ರ ಜನವರಿಯಲ್ಲಿ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಕರ್ನಾಟಕ–ಮುಂಬೈ ರಣಜಿ ಫೈನಲ್ ನಡೆಯಿತಲ್ಲ, ಮನೀಶ್ ಪಾಂಡೆ ಶತಕ ಹೊಡೆದೂ ನಾವು ಆರು ರನ್ನಿಂದ ಸೋತ ಪಂದ್ಯ, ಆ ವಾರವೆಲ್ಲ ನಮ್ಮ ಮೈದಾನ ತುಂಬಿತ್ತು. ಮ್ಯಾಚು ನೋಡಿ ಬಂದ ಹುಡುಗರು ಸಂಜೆ ಇಲ್ಲಿ ಮತ್ತೆ ಅದನ್ನೇ ಆಡಿ ಗೆಲ್ಲುತ್ತಿದ್ದರು. ನನಗೆ ತಿಳಿದಂತೆ ಈ ಬಯಲು ಪೂರ್ತಿಯಾಗಿ ಮಕ್ಕಳ ಕೈಯಲ್ಲಿದ್ದ ಕೊನೆಯ ಬೇಸಿಗೆ ಆ ವರ್ಷದ್ದೇ.

ಆಮೇಲೆ ವಾಕಿಂಗ್ ಪಾತ್. ನಮ್ಮ ಅಪ್ಪ ಅಮ್ಮನ ತಲೆಮಾರು ಅಷ್ಟರಲ್ಲಿ ಅರವತ್ತು ದಾಟಿತ್ತು. ಒಬ್ಬರಿಗೆ ಶುಗರ್, ಒಬ್ಬರಿಗೆ ಬಿಪಿ. ಡಾಕ್ಟರು ದಿನಾ ನಡೆಯಿರಿ ಅಂತಾರೆ. ರಸ್ತೆಯಲ್ಲಿ ನಡೆದರೆ ಬೈಕುಗಳ ಕಾಟ. ಬಡಾವಣೆಯವರು ಅರ್ಜಿ ಕೊಟ್ಟರು, ಹಣ ಮಂಜೂರಾಯಿತು. ಸುತ್ತಲೂ ಇಂಟರ್‌ಲಾಕ್ ಟೈಲ್ಸ್ ಹಾಕಿದರು. ಟೈಲ್ಸಿನ ಹೊರಗೆ ಹೂವಿನ ಪಾತಿ, ಒಳಗೆ ಸಾಲು ಗಿಡ.

2015 ಮತ್ತು 2016ರಲ್ಲಿ ಮೈಸೂರಿಗೆ ದೇಶದ ಸ್ವಚ್ಛ ನಗರ ಅನ್ನುವ ಹೆಸರು ಬಂತು. ನಮಗೆಲ್ಲ ಹೆಮ್ಮೆ. ನಮ್ಮ ಬೀದಿಯೂ ಅಂದವಾಗಿ ಕಾಣಬೇಕು ಅನ್ನುವ ಆಸೆ ಎಲ್ಲರಲ್ಲೂ ಹುಟ್ಟಿತು. ಬೋಳು ಮಣ್ಣು ಕಂಡರೆ ಏನೋ ಕೊರತೆ ಅನ್ನಿಸತೊಡಗಿತು. ಹಾಗೆ ಲಾನ್ ಬಂತು. ಲಾನಿನ ನಡುವೆ ಅಡ್ಡಕ್ಕೂ ಉದ್ದಕ್ಕೂ ಎರಡು ಟೈಲ್ಸ್ ದಾರಿ. ಅವು ಸೇರುವ ಕಡೆ ಕೂರಲು ದುಂಡಗಿನ ಕಟ್ಟೆ. ನೈಋತ್ಯದ ಮೂಲೆಗೆ ಹಳದಿ ನೀಲಿ ಬಣ್ಣದ ಓಪನ್ ಜಿಮ್. ಕೊನೆಗೆ ಬಂದದ್ದು ಸಿಸಿ ಟಿವಿ, ಬೀಗ ಮತ್ತು ಬೋರ್ಡು. ಹುಲ್ಲಿನ ಮೇಲೆ ನಡೆಯಬೇಡಿ, ಚೆಂಡಾಟ ನಿಷೇಧಿಸಲಾಗಿದೆ, ಬಡಾವಣೆಯ ನಿವಾಸಿಗಳಿಗೆ ಮಾತ್ರ.

ಲಾನ್ ಹಾಕುವ ದಿನ ನಾನು ನಿಂತು ನೋಡಿದ್ದೆ. ಬೇರೆಲ್ಲ ಕಡೆ ಗುದ್ದಲಿ ಸಲೀಸಾಗಿ ಇಳಿಯಿತು. ಹಳೆಯ ಪಿಚ್ಚಿನ ಹತ್ತಿರ ಬಂದಾಗ ಟಣ್ ಅಂತ ಸದ್ದು. ಕೆಲಸದವರು ಕೆಳಗೆ ಕಲ್ಲಿದೆ ಅಂದುಕೊಂಡರು. ಹಾರೆ ತಂದು ಮೀಟಿದರು. ಕಲ್ಲಿರಲಿಲ್ಲ, ಬರೀ ಮಣ್ಣು. ಹೆಂಟೆ ಹೆಂಟೆಯಾಗಿ ಎದ್ದ ಆ ಮಣ್ಣನ್ನು ಒಡೆದು, ಗೊಬ್ಬರ ಕಲಸಿ, ಮೇಲೆ ಹುಲ್ಲಿನ ಚಾಪೆ ಹಾಸಿದರು. ಎಷ್ಟು ನೀರು ಬಿಟ್ಟರೂ ಅಲ್ಲಿ ಹುಲ್ಲು ಹಳದಿಯಾಗೇ ಇತ್ತು. ಮೇಲಿಂದ ಒಂದು ಮಾರಿನಷ್ಟು ಮಚ್ಚೆ ಎದ್ದು ಕಾಣುತ್ತಿತ್ತು.

ಈ ಅವಧಿಯಲ್ಲಿ ಮಕ್ಕಳನ್ನು ಯಾರೂ ಏನೂ ಕೇಳಲಿಲ್ಲ. ಬೇಕಂತ ಬಿಟ್ಟದ್ದಲ್ಲ. ಸಭೆ ನಡೆಯುತ್ತಿದ್ದದ್ದು ಭಾನುವಾರ ಬೆಳಗ್ಗೆ, ಬರುತ್ತಿದ್ದವರು ಮನೆಯ ಯಜಮಾನರು. ಖಾಲಿ ಜಾಗದಲ್ಲಿ ಏನಾದರೂ ಮಾಡಿಸಬೇಕು ಅನ್ನುವುದೇ ಮಾತು. ಖಾಲಿ ಇರುವುದರಿಂದಲೇ ಅದು ಉಪಯೋಗಕ್ಕೆ ಬರುತ್ತಿದೆ ಅಂತ ಹೇಳುವವರು ಆ ಕುರ್ಚಿಗಳಲ್ಲಿ ಯಾರೂ ಇರಲಿಲ್ಲ.

ಅಳತೆ ಹಾಕಿದಾಗ ಕಂಡದ್ದು

ಅಂಚಿಗೆ ತಾನೆ ಪಾತ್ ಮಾಡಿದ್ದು, ನಡುವಿನ ಜಾಗ ಹಾಗೇ ಇದೆಯಲ್ಲ ಅಂತ ಬಹಳ ಜನ ಈಗಲೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಹೂವಿನ ಪಾತಿ 6 ಅಡಿ, ಟೈಲ್ಸ್ 6 ಅಡಿ, ಒಳಗಿನ ಸಾಲು ಗಿಡ 4 ಅಡಿ. ಒಂದು ಬದಿಗೆ 16 ಅಡಿ ಹೋಯಿತು. ಎರಡೂ ಬದಿ ಸೇರಿ 32. ಇನ್ನೂರಡಿಯ ಬಯಲು ಒಳಗಡೆ 168 ಅಡಿಗೆ ಇಳಿಯಿತು. 40,000 ಚದರಡಿ ಇದ್ದದ್ದು 28,224 ಆಯಿತು. ಅಂಚು ಅಂತ ನಾವು ಕರೆದದ್ದು ಹತ್ತಿರ ಹತ್ತಿರ ಮೂವತ್ತು–ನಲವತ್ತರ ಹತ್ತು ಸೈಟಿನಷ್ಟು ಜಾಗ.

ಇಷ್ಟಾದರೂ ಆಡಬಹುದಿತ್ತು. ಆಟವನ್ನು ನಿಜವಾಗಿ ನಿಲ್ಲಿಸಿದ್ದು ಒಳಗಿನ ಎರಡು ಅಡ್ಡದಾರಿಗಳು. ಅವು 168 ಅಡಿಯನ್ನು ನಾಲ್ಕು ತುಂಡು ಮಾಡಿದವು. ಒಂದೊಂದು ತುಂಡು 81 ಅಡಿ ಉದ್ದ, 81 ಅಡಿ ಅಗಲ. ಕ್ರಿಕೆಟ್ ಪಿಚ್ 22 ಗಜ, ಅಂದರೆ 66 ಅಡಿ. ಉಳಿದ 15 ಅಡಿಯಲ್ಲಿ ಕೀಪರೂ ನಿಲ್ಲಬೇಕು, ಬೌಲರೂ ಓಡಿ ಬರಬೇಕು. ಶ್ರೀನಾಥ್ ಥರ ಓಡುವುದು ಹಾಗಿರಲಿ, ನಾಲ್ಕು ಹೆಜ್ಜೆ ಹಾಕಲೂ ಆಗದು. ಖೋ ಖೋ ಅಂಕಣ 27 ಮೀಟರ್ ಉದ್ದ, ಸುಮಾರು 89 ಅಡಿ. ಅದು ಹಿಡಿಸುವುದೇ ಇಲ್ಲ. ಕಬಡ್ಡಿಗೆ 13 ಮೀಟರ್ ಸಾಕು, ಹಿಡಿಸುತ್ತಿತ್ತು. ಆದರೆ ಕಬಡ್ಡಿ ಆಡಿದರೆ ಲಾನ್ ಕಿತ್ತುಬರುತ್ತದೆ.

ಬೋರ್ಡು ಓದಿ ಮಕ್ಕಳು ಆಟ ಬಿಟ್ಟರು ಅಂತ ನನಗೆ ಅನ್ನಿಸುವುದಿಲ್ಲ. ಯಾವ ಮಕ್ಕಳು ಬೋರ್ಡು ಓದಿ ಆಟ ಬಿಟ್ಟಿದ್ದಾರೆ ಹೇಳಿ? ಓಡಿದರೆ ನಾಲ್ಕೇ ಹಾರಿಗೆ ಟೈಲ್ಸ್ ಎಡವುವ ಜಾಗದಲ್ಲಿ ಆಟ ತಾನಾಗಿ ಬಾಡಿತು. ಒಂದಷ್ಟು ಮಕ್ಕಳು ಖಾಲಿ ಸೈಟುಗಳಿಗೆ ಹೋದರು. ಅವುಗಳಲ್ಲೂ ಮನೆ ಎದ್ದವು. ದುಡ್ಡಿದ್ದವರ ಮಕ್ಕಳು ರಿಂಗ್ ರೋಡಿನ ಕಡೆ ಗಂಟೆಗಿಷ್ಟು ಅಂತ ಕೊಟ್ಟು ಟರ್ಫ್‌ನಲ್ಲಿ ಆಡುತ್ತಾರೆ. ಅಲ್ಲಿಗೆ ಅಪ್ಪ ಕಾರಿನಲ್ಲಿ ಬಿಡಬೇಕು. ಹತ್ತು ಜನ ಸೇರಿ ಮೊದಲೇ ಬುಕ್ ಮಾಡಬೇಕು. ಸುಮ್ನೆ ಚಪ್ಪಲಿ ಹಾಕಿಕೊಂಡು ಹೊರಗೆ ಬಂದು ಯಾರಿದ್ದಾರೆ ಅಂತ ನೋಡುವುದು ನಿಂತುಹೋಯಿತು. ಉಳಿದವರು ಮನೆಯೊಳಗೆ, ಮೊಬೈಲು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬೀದಿಯ ಮಕ್ಕಳು ಅದನ್ನು ಎಲ್ಲಿ ಮಾಡಬೇಕು?

ಒಡೆದ ಕನ್ನಡಕ, ಮುರಿದ ಕಾಲು

ಕೆಲವು ಹುಡುಗರು ಹಟ ಬಿಡಲಿಲ್ಲ. 81 ಅಡಿಯ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಆಡಿದರೆ ಉದ್ದ ಜಾಸ್ತಿ ಸಿಗುತ್ತದೆ ಅಂತ ಕಂಡುಕೊಂಡರು. ಜಾಣತನವೇ. ಆದರೆ ಹಾಗೆ ಆಡಿದಾಗ ನೇರ ಹೊಡೆದ ಚೆಂಡು ಹೋಗಿ ಬೀಳುವುದು ವಾಕಿಂಗ್ ಪಾತ್ ತಿರುಗುವ ಮೂಲೆಗೆ. ಅಲ್ಲಿ ಗಿಡದ ಮರೆಯಿಂದ ಜನ ತಿರುಗಿ ಬರುತ್ತಾರೆ. ಒಂದು ಬೇಸಿಗೆ ರಜೆಯಲ್ಲಿ ನಿವೃತ್ತರೊಬ್ಬರ ಮುಖಕ್ಕೆ ಚೆಂಡು ಬಡಿದು ಕನ್ನಡಕ ಒಡೆಯಿತು. ಕಣ್ಣಿನ ಪಕ್ಕ ಹೊಲಿಗೆ ಬಿತ್ತು. ಅವರ ಮನೆಯವರು ಸಿಟ್ಟಾಗಿದ್ದು ನ್ಯಾಯವೇ. ಮರುದಿನದಿಂದ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಗೇಟಿಗೆ ಬೀಗ.

ರಜೆಯ ದಿನಗಳು. ಮಕ್ಕಳು ರಸ್ತೆಗೆ ಬಂದರು. ಸ್ವಲ್ಪ ದಿನಕ್ಕೆ ಚೆಂಡಿನ ಹಿಂದೆ ಓಡಿದ ಹುಡುಗನೊಬ್ಬ ಸ್ಕೂಟರಿಗೆ ಸಿಕ್ಕಿ ಕಾಲು ಮುರಿದುಕೊಂಡ. ಕೊಪ್ಪಲಿನ ಹುಡುಗ. ಅಪ್ಪ ಗಾರೆ ಕೆಲಸದವರು. ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಮಗುವನ್ನು ನೋಡಲು ಬಡಾವಣೆಯಿಂದ ಮೊದಲು ಹೋದವರು ಆ ಕನ್ನಡಕ ಒಡೆದ ಹಿರಿಯರೇ. ಬಂದು “ಬೀಗ ತೆಗೀರಿ. ನನ್ನ ಹೆಸರು ಹೇಳಿ ಮಕ್ಕಳನ್ನ ರೋಡಿಗೆ ಹಾಕಬೇಡಿ” ಅಂದರು. ಈ ಪ್ರಕರಣದಲ್ಲಿ ಗಾಳಿ ತಿರುಗಿದ್ದು ಅಲ್ಲಿಂದ.

ಸುಣ್ಣದ ಗೆರೆ

ಸಭೆ ಮನೆಯೊಳಗೆ ಬೇಡ, ಮೈದಾನದಲ್ಲೇ ಆಗಲಿ ಅಂತ ಪಟ್ಟು ಹಿಡಿದವರು ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು. ನನ್ನ ಪ್ರಕಾರ ಅದೇ ಅರ್ಧ ಕೆಲಸ ಮಾಡಿತು. ಆ ವರ್ಷ, 2025ರ ಜನವರಿಯಲ್ಲಿ, ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತದ ಹೆಣ್ಣುಮಕ್ಕಳು ಗೆದ್ದಿದ್ದರು. ತಂಡದಲ್ಲಿ ನಮ್ಮ ಜಿಲ್ಲೆಯವಳೇ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಮೇಷ್ಟ್ರಿಗೆ ಅದು ತಲೆಗೆ ಹತ್ತಿಬಿಟ್ಟಿತ್ತು. ಬೀದಿಯ ಹೆಣ್ಣುಮಕ್ಕಳಿಗೆ ಖೋ ಖೋ ಹೇಳಿಕೊಡಬೇಕು ಅಂತ ಅವರ ಆಸೆ.

ಮಾತು ಶುರುವಾಗುವ ಮೊದಲೇ ಅವರು ಟೇಪು ಹಿಡಿದು, ಒಂದು ಡಬ್ಬಿಯಲ್ಲಿ ಸುಣ್ಣದ ಪುಡಿ ತಂದರು. ಇಬ್ಬರು ಹುಡುಗಿಯರ ಕೈಗೆ ಟೇಪಿನ ತುದಿ ಕೊಟ್ಟು 27 ಮೀಟರ್, 16 ಮೀಟರ್ ಅಳೆದು ಗೆರೆ ಎಳೆಯುತ್ತಾ ಹೋದರು. ಬಿಳಿ ಗೆರೆ ಲಾನಿನಿಂದ ಹೊರಟು, ಟೈಲ್ಸ್ ದಾರಿ ಹತ್ತಿ ಇಳಿದು, ಒಂದು ಬೆಂಚಿನ ಕಾಲಿನ ನಡುವೆ ನುಸುಳಿ, ಕಣಗಿಲೆ ಗಿಡದ ಪಾತಿಯೊಳಗೆ ಹೋಗಿ ನಿಂತಿತು. ಮೇಷ್ಟ್ರು ಗಿಡ ತುಳಿಯದೆ, ಬಗ್ಗಿ, ಎಲೆಗಳ ಮೇಲೇ ಸುಣ್ಣ ಉದುರಿಸಿದರು. ನಲವತ್ತು ಜನ ಸುತ್ತ ನಿಂತು ನೋಡಿದೆವು. ಯಾರೂ ಭಾಷಣ ಮಾಡಲಿಲ್ಲ. ಲಾನಿಗೆಂದು ಓಡಾಡಿದ್ದ ಅಂಕಲ್ ಒಬ್ಬರು “ಇಷ್ಟು ಅಡ್ಡ ಬರುತ್ತೆ ಅಂತ ಗೊತ್ತೇ ಇರಲಿಲ್ಲ ಮೇಷ್ಟ್ರೇ” ಅಂದರು.

ಹಾಗಂತ ಎಲ್ಲರೂ ಒಪ್ಪಲಿಲ್ಲ. ಟೈಲ್ಸ್ ಎಲ್ಲ ಕಿತ್ತುಹಾಕಿ, ಮೊದಲಿನ ಥರ ಬಯಲು ಮಾಡಿಬಿಡಿ ಅಂತ ನನ್ನ ತಮ್ಮನ ವಾರಿಗೆಯವರು ಜೋರು ಮಾಡಿದರು. ಆಗ ಮೂರನೇ ಅಡ್ಡರಸ್ತೆಯ ಆಂಟಿಯೊಬ್ಬರು ಎದ್ದರು. “ನೀವು ಆಡ್ತಿದ್ದಾಗ ಎಲ್ಲರಿಗೂ ಚೆನ್ನಾಗಿತ್ತು ಅಂದ್ಕೋಬೇಡಿ. ಮದುವೆಯಾಗಿ ಈ ಬೀದಿಗೆ ಬಂದು ಎಷ್ಟೋ ವರ್ಷ ನಾನು ಈ ಜಾಗಕ್ಕೆ ಕಾಲೇ ಇಟ್ಟಿರಲಿಲ್ಲ. ಪಾತ್ ಆದ ಮೇಲೇ ಬಂದಿದ್ದು. ಅದನ್ನ ಕೀಳ್ತೀವಿ ಅಂದ್ರೆ ನಾನಂತೂ ಒಪ್ಪಲ್ಲ.” ನಾನೂ ಅವರ ಜೊತೆ ದನಿ ಸೇರಿಸಿದೆ. ಹಳೆಯ ಬಯಲು ನನಗೆ ಪ್ರಾಣ. ಆದರೆ ಹನ್ನೆರಡಕ್ಕೆ ಅಲ್ಲಿಂದ ಒಳಗೆ ಹೋದವಳು ನಾನು. ಮತ್ತೆ ಆ ನೆಲದ ಮೇಲೆ, ಕತ್ತಲಾದ ಮೇಲೂ, ದೀಪದ ಕೆಳಗೆ ಧೈರ್ಯವಾಗಿ ನಡೆಯಲು ಆದದ್ದು ಆ ಟೈಲ್ಸಿನಿಂದಲೇ.

ಕೊನೆಗೆ ಒಪ್ಪಿದ್ದು ಇಷ್ಟು. ಸುತ್ತಲಿನ ವಾಕಿಂಗ್ ಪಾತ್ ಇರಲಿ. ಒಳಗಿನ ಅಡ್ಡದಾರಿಯಲ್ಲಿ ಉತ್ತರದ ತುಂಡನ್ನು ಮಾತ್ರ ತೆಗೆಯುವುದು. ಆಗ ಎರಡು ಚೌಕ ಸೇರಿ 168 ಅಡಿ ಉದ್ದ, 81 ಅಡಿ ಅಗಲದ ಒಂದೇ ಜಾಗವಾಗುತ್ತದೆ. ಖೋ ಖೋ ಅಂಕಣ ಕೂತು ಮಿಗುತ್ತದೆ, ಟೆನ್ನಿಸ್ ಬಾಲ್ ಕ್ರಿಕೆಟ್ಟೂ ಆಗುತ್ತದೆ. ಆ ಅರ್ಧಕ್ಕೆ ಇನ್ನು ಲಾನ್ ಬೇಡ, ನೀರೂ ಬೇಡ. ದಕ್ಷಿಣದ ಅರ್ಧ ಹಾಗೇ ಇರಲಿ: ಹೂವು, ಓಪನ್ ಜಿಮ್, ಬೆಂಚು.

ಕಾಗದದ ಕೆಲಸ

ಸಂಬಂಧಪಟ್ಟ ಕಚೇರಿಗೆ ಹೋದಾಗ ಎದುರಾದ ಮೊದಲ ತೊಡಕು ನಾವು ಊಹಿಸದಿದ್ದದ್ದು. ಬಿಲ್ ಆದ ಕೆಲಸವನ್ನು ಕಿತ್ತರೆ ಆಡಿಟ್ಟಿನಲ್ಲಿ ಪ್ರಶ್ನೆ ಬರುತ್ತದೆ ಅಂದರು. ಎಷ್ಟೋ ಬಡಾವಣೆಗಳಲ್ಲಿ ಕೆಲಸ ಇಲ್ಲೇ ನಿಲ್ಲುತ್ತಿರಬೇಕು. ನಮ್ಮಲ್ಲಿ ಒಬ್ಬರು ನಿವೃತ್ತ ಎಂಜಿನಿಯರ್ ಇದ್ದರು. ಇಂಟರ್‌ಲಾಕ್ ಟೈಲ್ಸಿಗೆ ಸಿಮೆಂಟ್ ಹಾಕಿರುವುದಿಲ್ಲ, ಜಲ್ಲಿಪುಡಿಯ ಮೇಲೆ ಜೋಡಿಸಿರುತ್ತಾರೆ, ಒಡೆಯದೆ ಎತ್ತಬಹುದು ಅಂದರು. ಕೈಪಂಪಿನ ಮೂಲೆಯಲ್ಲಿ ಮಳೆಗಾಲದಲ್ಲಿ ಕೆಸರಾಗುತ್ತಿತ್ತು. ಟೈಲ್ಸ್ ಎತ್ತಿ ಅಲ್ಲಿಗೆ ಹಾಕುವುದು ಅಂತ ಅರ್ಜಿಯನ್ನು ಬದಲಿಸಿ ಬರೆದರು. ಕೀಳುವುದಲ್ಲ, ಅದೇ ಜಾಗದೊಳಗೆ ಸ್ಥಳಾಂತರ. ಅದಕ್ಕೆ ಒಪ್ಪಿಗೆ ಸಿಕ್ಕಿತು. ಬೇರೆ ಬಡಾವಣೆಯವರಿಗೆ ಈ ಒಂದು ವಿಷಯ ಉಪಯೋಗಕ್ಕೆ ಬರಬಹುದು.

ಎರಡನೆಯದು, ಮಾಹಿತಿ ಹಕ್ಕಿನಲ್ಲಿ ಬಡಾವಣೆಯ ನಕ್ಷೆ ತರಿಸಿದಾಗ ತಿಳಿದದ್ದು. ನಕ್ಷೆಯಲ್ಲಿ ಈ ಜಾಗ ಮೊದಲಿನಿಂದಲೂ ಪಾರ್ಕ್. ನಾವು ಇಷ್ಟು ವರ್ಷ ಆಡಿದ್ದಕ್ಕೆ ಕಾಗದದ ಆಧಾರವೇ ಇರಲಿಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಿಂದ ಒಂದು ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲು ಹೊರಟಾಗ, 1991ರಲ್ಲಿ ಸುಪ್ರೀಂ ಕೋರ್ಟು ಅದು ಆಗದು ಅಂದಿತು. ಅಲ್ಲಿಯ ನಿವಾಸಿಗಳು ಗೆದ್ದರು. ಈ ಕಾಯ್ದೆ, ಈ ತೀರ್ಪು ಇರದಿದ್ದರೆ ಎಷ್ಟೋ ಜಾಗಗಳು ಇಷ್ಟರಲ್ಲಿ ಕಟ್ಟಡಗಳಾಗಿರುತ್ತಿದ್ದವು. ಆದರೆ ಅವು ತಡೆಯುವುದು ಕಟ್ಟಡವನ್ನು, ಪರಭಾರೆಯನ್ನು. ಮಕ್ಕಳು ಓಡುವ ಜಾಗಕ್ಕೆ ಹುಲ್ಲು ಹಾಸಿ, ನಡೆಯಬೇಡಿ ಅಂತ ಬೋರ್ಡು ಹಾಕಿದರೆ ಕೇಳಲು ನಮಗೆ ಅವುಗಳಲ್ಲಿ ಹಿಡಿ ಸಿಗಲಿಲ್ಲ. ಆಟ ಮಕ್ಕಳ ಹಕ್ಕು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲೇ ಅದಕ್ಕೆ ಸೇರಿದೆ. ನಮ್ಮ ಅರ್ಜಿಯಲ್ಲಿ ಅದನ್ನೂ ಬರೆದೆವು.

ಈಗ ಹೇಗಿದೆ

ಟೈಲ್ಸ್ ಎತ್ತಿದ ಮೇಲೆ ಮೊದಲ ಎರಡು ವಾರ ಚೆನ್ನಾಗಿ ನಡೆಯಲಿಲ್ಲ. ದೊಡ್ಡ ಹುಡುಗರು ಬಂದು ಇಡೀ ಜಾಗ ಹಿಡಿದರು. ಖೋ ಖೋ ಕಲಿಯಲು ಬಂದ ಹುಡುಗಿಯರು ಪಾತಿನ ಅಂಚಿನಲ್ಲಿ ನಿಂತು ವಾಪಸ್ ಹೋದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅಷ್ಟೆಲ್ಲ ಮಾಡಿದ್ದು ಮತ್ತೆ ಅದೇ ಆಗಲಿಕ್ಕಾ? ಅದನ್ನು ಸರಿ ಮಾಡಿದವರು ಸಂಜೆ ವಾಕಿಂಗ್ ಬರುವ ಹೆಂಗಸರು. ಮಂಗಳವಾರ, ಗುರುವಾರ, ಶನಿವಾರ ಖೋ ಖೋ ಅಂತ ಅವರೇ ತೀರ್ಮಾನಿಸಿದರು. ಆ ದಿನ ಐದೂವರೆಗೆ ಸರಿಯಾಗಿ ನಾಲ್ಕೈದು ಜನ ಪಾತಿನ ಮೇಲೆ ನಡೆಯುತ್ತಿರುತ್ತಾರೆ. ಯಾರನ್ನೂ ಬೈಯುವುದಿಲ್ಲ. “ಏನಪ್ಪ, ಇವತ್ತು ಗುರುವಾರ ಅಲ್ವಾ?” ಅಂದರೆ ಸಾಕು, ಸ್ಟಂಪು ಎತ್ತಿಕೊಂಡು ಹೋಗುತ್ತಾರೆ. ಹತ್ತು ಸೈಟಿನ ಜಾಗ ತಿಂದ ಆ ಅಂಚಿನಿಂದಲೇ ಹೆಣ್ಣುಮಕ್ಕಳ ಆಟಕ್ಕೆ ಕಾವಲು ಸಿಕ್ಕಿದೆ. ಹಳೆಯ ಬಯಲಿನಲ್ಲಿ ಇದು ಆಗುತ್ತಿರಲಿಲ್ಲ ಅಂತ ನಾನು ಖಂಡಿತ ಹೇಳಬಲ್ಲೆ. ಹದಿಮೂರು ಹದಿನಾಲ್ಕರ ಹುಡುಗಿಯರು ಆಡುತ್ತಿದ್ದಾರೆ. ಒಳಗೆ ಬಾ ಅಂತ ಯಾರೂ ಕರೆಯುವುದಿಲ್ಲ, ಅಮ್ಮಂದಿರು ಹೊರಗೇ ಇದ್ದಾರಲ್ಲ.

ಕ್ರಿಕೆಟ್ಟಿಗೂ ನಿಯಮಗಳಾಗಿವೆ. ಬ್ಯಾಟ್ಸ್‌ಮನ್ ಯಾವಾಗಲೂ ಪಶ್ಚಿಮಕ್ಕೆ, ಹೊಡೆತ ಪೂರ್ವಕ್ಕೆ. ಪೂರ್ವದ ಗ್ರಿಲ್ಲಿಗೆ ಬಲೆ ಕಟ್ಟಿದ್ದಾರೆ. ಚೆಂಡು ಪುಟಿಯದೆ ಪಾತಿನ ಮೇಲೆ ಹೋದರೆ ಔಟ್. ಗಟ್ಟಿ ಚೆಂಡು ಬೇಡ. ಈ ನಿಯಮಗಳನ್ನು ದೊಡ್ಡವರು ಮಾಡಿದ್ದಲ್ಲ, ಹುಡುಗರೇ ಕೂತು ಬರೆದದ್ದು. ಸಂಜೆ ಬಿಸಿಲು ಬೌಲರ್ ಕಣ್ಣಿಗೆ ಹೊಡೆಯುತ್ತದೆ ಅನ್ನುವುದೊಂದು ದೂರು ಇನ್ನೂ ಇದೆ. ಉತ್ತರದ ಅರ್ಧದಲ್ಲಿ ಲಾನ್ ಒಣಗಿ ಮಣ್ಣು ಮತ್ತೆ ಕಾಣಿಸಿದೆ. ಧೂಳು ಬರುತ್ತದೆ ಅಂತ ಎರಡು ಮನೆಯವರಿಗೆ ಬೇಸರವಿದೆ. ಅವರ ಮಾತಿನಲ್ಲೂ ಹುರುಳಿದೆ. ಬೇಸಿಗೆಯಲ್ಲಿ ಸಂಜೆ ಆಟಕ್ಕೆ ಮುಂಚೆ ನೀರು ಚಿಮುಕಿಸುವ ಕೆಲಸವನ್ನು ಮಕ್ಕಳೇ ಒಪ್ಪಿಕೊಂಡಿದ್ದಾರೆ, ಒಂದು ದಿನ ಮಾಡಿದರೆ ಒಂದು ದಿನ ಮರೆಯುತ್ತಾರೆ. ಖೋ ಖೋ ಕಂಬ ಹುಗಿಯಲು ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಸದ್ಯಕ್ಕೆ ಸಿಮೆಂಟ್ ಡಬ್ಬಿಯಲ್ಲಿ ನಿಲ್ಲಿಸಿದ ಎರಡು ಕೋಲುಗಳಲ್ಲಿ ಅಭ್ಯಾಸ ನಡೆದಿದೆ.

ನಮ್ಮಲ್ಲಿ ಇನ್ನೂ ಬಗೆಹರಿಯದ ದೊಡ್ಡ ವಿಷಯ ಗೇಟಿನದು. ಹಿಂದೆ ಗೇಟೇ ಇರಲಿಲ್ಲ. ಕೊಪ್ಪಲಿನ ಮಕ್ಕಳು ರಸ್ತೆ ದಾಟಿ ಬರುತ್ತಿದ್ದರು. ಕಬಡ್ಡಿಯಲ್ಲಿ ಅವರನ್ನು ಹಿಡಿಯುವವರೇ ಇರಲಿಲ್ಲ. ನಮ್ಮ ಕಡೆಯ ನಾಯಕ ಮೊದಲು ಅವರಲ್ಲೊಬ್ಬನನ್ನು ಕೇಳಿ ಪಡೆಯುತ್ತಿದ್ದ. ಈಗ ಬಂದರೆ “ಯಾವ ಮನೆ ನಿಂದು?” ಅಂತ ಕೇಳುತ್ತಾರೆ. ಸಿಟ್ಟಿನಿಂದ ಕೇಳುವುದಿಲ್ಲ, ಆದರೂ ಆ ಮಕ್ಕಳು ಎರಡನೇ ಸಲ ಬರುವುದಿಲ್ಲ. ಕಾಲು ಮುರಿದುಕೊಂಡ ಹುಡುಗ ಈಗ ಚೆನ್ನಾಗಿ ಓಡಾಡುತ್ತಾನೆ, ರಸ್ತೆಯಲ್ಲೇ ಆಡುತ್ತಾನೆ. ಅವನ ಕಾಲಿನಿಂದಲೇ ಮೈದಾನದ ಅರ್ಧ ನಮ್ಮ ಮಕ್ಕಳಿಗೆ ವಾಪಸ್ ಬಂತು ಅನ್ನುವುದು ನೆನಪಾದರೆ ನನಗೆ ನಿದ್ದೆ ಬರುವುದಿಲ್ಲ.

ಇದು ಸಾರ್ವಜನಿಕರ ಜಾಗ, ಯಾರ ಮನೆಯ ಅಂಗಳವೂ ಅಲ್ಲ. “ಬಡಾವಣೆಯ ನಿವಾಸಿಗಳಿಗೆ ಮಾತ್ರ” ಅನ್ನುವ ಸಾಲನ್ನು ಬೋರ್ಡಿನಿಂದ ತೆಗೆಯಬೇಕು ಅಂತ ಮೇಷ್ಟ್ರು, ಆ ಹಿರಿಯರು, ಆಂಟಿ, ನಾನು ಸೇರಿ ಬರೆದುಕೊಟ್ಟಿದ್ದೇವೆ. ವಿರೋಧ ಇದೆ. ಒಬ್ಬೊಬ್ಬರ ಮನೆಗೂ ಹೋಗಿ ಮಾತಾಡುತ್ತಿದ್ದೇವೆ. ಮುಂದಿನ ಸಭೆ ದಸರಾ ಮುಗಿದ ಮೇಲೆ, ಮತ್ತೆ ಮೈದಾನದಲ್ಲೇ. ಈ ಸಲ ಕೊಪ್ಪಲಿನವರನ್ನೂ ಕರೆದಿದ್ದೇವೆ.